ಸಮಜಾಯಿಷಿ: ನಾಲ್ಕನೆಯ ಕರಡು

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಹೊಸನಗರ.
ತಮ್ಮ ನೋಟೀಸು ತಲುಪಿದೆ.
ಏಳು ದಿನದೊಳಗೆ ಲಿಖಿತ ಉತ್ತರ ಎಂದಿದ್ದೀರಿ.
ಇವತ್ತು ಆರನೆಯ ದಿನ, ರಾತ್ರಿ ಹನ್ನೊಂದೂವರೆ.
ಮೊದಲ ಮೂರು ಕರಡಿನಲ್ಲಿ
'ಅನಾರೋಗ್ಯ ನಿಮಿತ್ತ' ಎಂದು ಬರೆದು ಹರಿದೆ.
ಅದು ಸುಳ್ಳಲ್ಲ. ಅದೇ ತೊಂದರೆ.

ಸಿ.ಬಿ.ಝಡ್. ಶಿಕ್ಷಕ ನಾನು, ಹತ್ತೊಂಬತ್ತು ವರ್ಷದ ಸೇವೆ.
ಹೃದಯದ ಚಿತ್ರಕ್ಕೆ ನನ್ನ ಹೆಸರಿತ್ತು:
ಕೆಂಪು ಸೀಮೆಸುಣ್ಣ, ನೀಲಿ ಸೀಮೆಸುಣ್ಣ,
ಕೈ ಎತ್ತದೆ ನಾಲ್ಕೂ ಕೋಣೆ.
ಕ್ಲಸ್ಟರ್ ಸಭೆಗೆ ಬಂದವರು ಫೋಟೋ ಹಿಡಿದು ಹೋಗುತ್ತಿದ್ದರು.
ಈಗ ಎಡ ಹೃತ್ಕುಕ್ಷಿ ಮುಗಿಸುವಷ್ಟರಲ್ಲಿ
ಗೆರೆ ಬೋರ್ಡು ಬಿಟ್ಟು ಗೋಡೆಗೆ ಹೋಗುತ್ತದೆ.
ಮಕ್ಕಳು ನಗುವುದಿಲ್ಲ.
ನಕ್ಕಿದ್ದರೆ ಬೈಯಬಹುದಿತ್ತು.

ಯಾವಾಗ ಶುರುವಾಯಿತು ಎಂದು ತನಿಖೆಗೆ ಬಂದವರು ಕೇಳಿದರು.
ಹಿನ್ನೀರು ಯಾವತ್ತು ಅಂಗಳಕ್ಕೆ ಬಂತು ಎಂದು
ಮುಳುಗಡೆಯ ಮುದುಕರನ್ನು ಕೇಳಿ ನೋಡಿ ಸಾರ್,
ತಾರೀಕು ಹೇಳುವುದಿಲ್ಲ ಅವರು,
ಎಷ್ಟನೆಯ ಮೆಟ್ಟಿಲು ಎಂದು ಹೇಳುತ್ತಾರೆ.
ನನ್ನ ಮೊದಲ ಮೆಟ್ಟಿಲು ಮೌಲ್ಯಮಾಪನದ ಕ್ಯಾಂಪು, ಶಿವಮೊಗ್ಗ,
ದುರ್ಗಿಗುಡಿಯ ಲಾಡ್ಜು, ನಾಲ್ವರಿಗೆ ಒಂದು ರೂಮು.
ಎರಡನೆಯದು
ಶೇಕಡಾ ಮೂವತ್ತೊಂದು ಫಲಿತಾಂಶ ಬಂದ ವರ್ಷ.
ಮೂರನೆಯದು ಸೋಮವಾರ. ಬರೀ ಸೋಮವಾರ.
ಆಮೇಲೆ ಎಣಿಸಲಿಲ್ಲ.

ಶಾಲೆಯಿಂದ ನೂರು ಗಜಕ್ಕೆ ಹಳದಿ ಗೆರೆ ಹೊಡೆಸಿದವನೂ ನಾನೇ.
ಒಂಬತ್ತನೇ ಕ್ಲಾಸಿನ ಹುಡುಗರು ಟೇಪು ಹಿಡಿದರು.
ಪೀಟಿ ಮೇಷ್ಟ್ರು ಕೆನ್ನೆಯೊಳಗಿನದನ್ನು
ನಾಲಿಗೆಯಿಂದ ಆಚೆ ಸರಿಸಿಕೊಂಡು
'ತಂಬಾಕು ಮುಕ್ತ ವಲಯ' ಎಂದು ಬರೆದರು. ಮುತ್ತಿನಂಥ ಅಕ್ಷರ.
ಅವರ ಹೆಸರು ಇಲ್ಲಿ ಬರೆಯುವುದಿಲ್ಲ.
ಪರ್ಸಿನಲ್ಲಿ ಅರ್ಧ ಮಾತ್ರೆ ಇಟ್ಟುಕೊಂಡು
ಏಳನೇ ಪೀರಿಯಡ್ಡಿಗೆ ಮುಂಚೆ ನುಂಗುವವರ ಹೆಸರೂ.
ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ;
ಅದಕ್ಕೆ ನಾವು ಒಗ್ಗಟ್ಟು ಎನ್ನುತ್ತೇವೆ.

ಈಗ ತಾವು ಕೇಳಿದ ದಿನದ ವಿಷಯ.
ಹತ್ತನೇ ತರಗತಿ, ಕಾರ್ಬನ್ನಿನ ಪಾಠ.
ಅದರಲ್ಲಿ ಎಥನಾಲ್ ಬರುತ್ತದೆ, ಪಕ್ಕದಲ್ಲೇ ಒಂದು ಚೌಕ,
ಕುಡಿದವರಿಗೆ ಏನಾಗುತ್ತದೆ ಎಂದು.
ಪ್ರತಿ ವರ್ಷ ಆ ಚೌಕ ಹಾರಿಸುತ್ತೇನೆ:
'ಪರೀಕ್ಷೆಗೆ ಬರಲ್ಲ, ಮುಂದಕ್ಕೆ ಹೋಗಿ.'
ಆವತ್ತು ಮಾನ್ವಿತಾ ಎದ್ದು ನಿಂತಳು. ಹಾಜರಿ ಸಂಖ್ಯೆ ಹದಿನೇಳು.
'ಸಾರ್, ಇದನ್ನ ಓದ್ಲಾ?'
ದನಿಯಲ್ಲಿ ಕೊಂಕಿರಲಿಲ್ಲ.
ಮೇಜಿನ ಮೇಲಿದ್ದ ನನ್ನ ಸ್ಟೀಲು ಬಾಟಲಿಯ ಕಡೆ
ನೋಡಲೂ ಇಲ್ಲ, ಅದು ನನಗೆ ಗೊತ್ತಾಯಿತು:
ನೋಡದಿರುವುದನ್ನು ಅವಳು ಎಲ್ಲೋ ಮನೆಯಲ್ಲಿ ಕಲಿತಿದ್ದಳು.
ಎರಡು ವಾಕ್ಯ ಓದಿದಳು, ಮೂರನೆಯದರಲ್ಲಿ
'ಆದರೆ' ಎಂಬಲ್ಲಿ ನಿಂತಳು,
ಪುಟ ತಿರುಗಿಸಲಿಕ್ಕೋ, ಉಸಿರಿಗೋ.

ನಾನು ಹೊರಗೆ ಹೋದೆ.
ಕರ್ತವ್ಯದ ಅವಧಿಯಲ್ಲಿ ಅನುಮತಿಯಿಲ್ಲದೆ ಶಾಲೆ ಬಿಟ್ಟದ್ದು ನಿಜ.
ಬಾಟಲಿ ಒಯ್ದದ್ದು ನಿಜ.
ಹಳದಿ ಗೆರೆಯಾಚೆ ಮೋರಿಕಟ್ಟೆಯ ಮೇಲೆ
ಮಲಗಿದ್ದನ್ನು ಕಂಡವರು ಕೊಟ್ಟ ಹೇಳಿಕೆಯೂ ನಿಜ.
ಎಷ್ಟು ಹೊತ್ತೋ, ಕಣ್ಣು ಬಿಟ್ಟಾಗ ಇಬ್ಬರು ಹುಡುಗರು:
ಒಬ್ಬನ ಕೈಯಲ್ಲಿ ನನ್ನ ಚಪ್ಪಲಿ, ಹಾಜರಿ ಪುಸ್ತಕ.
ಇನ್ನೊಬ್ಬ, ಇನ್ನೂ ಮೀಸೆ ಮೂಡದವನು,
ಸಮವಸ್ತ್ರದ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು
ಎರಡು ಲವಂಗ ನನ್ನ ಅಂಗೈಗೆ ಹಾಕಿದ.
'ಬಾಯಿಗೆ ಹಾಕ್ಕಳಿ ಸಾರ್, ಹೆಡ್‌ಮೇಡಂ ಬರ್ತಾ ಇದಾರೆ.'

ತಮ್ಮ ನೋಟೀಸಿನಲ್ಲಿ ನಾಲ್ಕು ಪ್ರಶ್ನೆಗಳಿವೆ,
ನಾಲ್ಕಕ್ಕೂ ಹೌದು ಎಂದು ಬರೆದಿದ್ದೇನೆ.
ಆ ಹುಡುಗನ ಕಿಸೆಯಲ್ಲಿ ಲವಂಗ ಯಾಕಿತ್ತು,
ಎಷ್ಟು ದಿನದಿಂದ ಇತ್ತು,
ಎಂದು ತಾವು ಕೇಳಿಲ್ಲ.

ಇದನ್ನೂ ಹರಿದರೂ ಹರಿದೆ.
ಸಹಿ ಮಾತ್ರ ಈಗಲೇ ಹಾಕಿಬಿಡುತ್ತೇನೆ,
ಬೆಳಿಗ್ಗೆ ಕೈ ನಿಲ್ಲುವುದಿಲ್ಲ.

ತಮ್ಮ ವಿಶ್ವಾಸಿ,
ಡಿ. ಕೆರಿಯಪ್ಪ, ಸಹಶಿಕ್ಷಕ